ಗಿಟಾರಿಗೆ ಗೊಗ್ಗರು ದನಿ: ಒಂಬತ್ತು ವೋಲ್ಟಿನ ಸೆಲ್ಲಿನ ಕಥೆ

"ಅಣ್ಣಾ, ಒಂದು ಒಂಬತ್ತು ವೋಲ್ಟಿನ ಬ್ಯಾಟ್ರಿ ಕೊಡಿ."

"ಮೀಟರಿಗೇನಪ್ಪಾ, ಮೈಕಿಗೇನಪ್ಪಾ?"

"ಎರಡಕ್ಕೂ ಅಲ್ಲಣ್ಣಾ. ಗಿಟಾರ್ ಪೆಡಲ್‌ಗೆ."

ಎಲೆಕ್ಟ್ರಿಕಲ್ ಅಂಗಡಿಯ ಗಲ್ಲಾದ ಮುಂದೆ ಈ ಮಾತು ದಿನಾ ನಡೆಯುವಂಥದ್ದಲ್ಲ. ಗಣೇಶೋತ್ಸವ, ರಾಜ್ಯೋತ್ಸವ, ಕಾಲೇಜ್ ಡೇ ಹತ್ತಿರ ಬಂದಾಗ ಎಲ್ಲೋ ಒಬ್ಬ ಹುಡುಗ ಬೆನ್ನಿಗೆ ಗಿಟಾರು ಹಾಕಿಕೊಂಡು ಬಂದು ಕೇಳುತ್ತಾನೆ. ಅಂಗಡಿಯವರು ಕೈಗೆ ಸಿಕ್ಕಿದ ಒಂದು ಚೌಕದ ಸೆಲ್ಲು ತೆಗೆದು ಕೊಡುತ್ತಾರೆ. ಅವನು ದುಡ್ಡು ಕೊಟ್ಟು ಹೋಗುತ್ತಾನೆ. ಅಲ್ಲಿಗೆ ವ್ಯವಹಾರ ಮುಗಿಯಿತು.

ಮುಗಿಯಿತಾ? ಇಲ್ಲ ಸ್ವಾಮಿ, ಅಲ್ಲಿಂದಲೇ ಶುರು. ಆ ಸೆಲ್ಲು ಎಂಥದ್ದು, ಅದನ್ನು ಹಾಕಿದವನು ಕೆಲಸ ಮುಗಿದ ಮೇಲೆ ಏನು ಮಾಡಿದ, ಸೆಲ್ಲು ಸಿಗದೆ ಹೋದಾಗ ಯಾರದೋ ಅಡಾಪ್ಟರ್ ತಂದು ಚುಚ್ಚಿದನಾ? ಇಷ್ಟರ ಮೇಲೆ ಆ ರಾತ್ರಿಯ ಕಾರ್ಯಕ್ರಮ ನಿಂತಿದೆ. ಕೆಲವೊಮ್ಮೆ ಸಾವಿರಾರು ರೂಪಾಯಿ ಕೊಟ್ಟು ತಂದ ಡಬ್ಬಿಯ ಆಯಸ್ಸೂ ನಿಂತಿದೆ. ಪಾಪ, ತಪ್ಪೆಲ್ಲ "ಡೂಪ್ಲಿಕೇಟ್ ಸೆಲ್ಲು ಕೊಟ್ಟ" ಅಂಗಡಿಯವರ ತಲೆ ಮೇಲೆ ಬರುತ್ತದೆ. ಆದ್ದರಿಂದ ಕೊಡುವವರೂ ಕೊಳ್ಳುವವರೂ ಈ ಡಬ್ಬಿಯ ಕಥೆ ಒಮ್ಮೆ ಕೇಳಿಬಿಡುವುದು ಒಳ್ಳೆಯದು.

ಏನಿದು ಫಜ್?

ಡಬ್ಬಿಯ ಹೆಸರು ಫಜ್ ಪೆಡಲ್. ಗಿಟಾರಿನಿಂದ ಹೊರಟ ವಯರು ಇದರೊಳಗೆ ಹೋಗಿ, ಇನ್ನೊಂದು ವಯರಿನಲ್ಲಿ ಹೊರಬಂದು ಆಂಪ್ಲಿಫೈಯರಿಗೆ ಸೇರುತ್ತದೆ. ಡಬ್ಬಿಯ ಮೇಲೆ ಕಾಲಿನಿಂದ ಒತ್ತುವ ಒಂದು ಸ್ವಿಚ್ಚು. ಒತ್ತಿದರೆ ನುಣ್ಣಗಿದ್ದ ತಂತಿಯ ನಾದ ಗೊಗ್ಗರಾಗುತ್ತದೆ, ಗರಗರ ಅನ್ನುತ್ತದೆ, ಕಹಳೆಯ ಹಾಗೆ ಉದ್ದಕ್ಕೆ ಎಳೆಯುತ್ತದೆ. ಮತ್ತೆ ಒತ್ತಿದರೆ ಮೊದಲಿನಂತೆ.

ಹರಿದ ಸ್ಪೀಕರಿನಲ್ಲಿ ಹಾಡು ಹಾಕಿದರೆ ಬರುತ್ತದಲ್ಲ, ಸುಮಾರಾಗಿ ಅದೇ ಸದ್ದು. ವ್ಯತ್ಯಾಸ ಇಷ್ಟೇ: ಅದು ಕೆಟ್ಟು ಬಂದದ್ದು, ಇದು ಬೇಕೆಂತಲೇ ಕೆಡಿಸಿದ್ದು.

ಒಳಗೆ ನಡೆಯುವುದನ್ನು ತಿಳಿಯಲು ಎಂಜಿನಿಯರಿಂಗ್ ಓದಬೇಕಾಗಿಲ್ಲ. ಹುಲ್ಲು ಹೇರಿದ ಲಾರಿ ತಗ್ಗಾದ ರೈಲ್ವೆ ಸೇತುವೆಯ ಕೆಳಗೆ ನುಗ್ಗಿದರೆ ಏನಾಗುತ್ತದೆ? ಮೇಲಿನ ಹುಲ್ಲೆಲ್ಲ ಸವರಿಹೋಗಿ ಹೇರಿನ ತಲೆ ಚಪ್ಪಟೆಯಾಗುತ್ತದೆ. ಗಿಟಾರಿನ ಸದ್ದು ಅಲೆಯಲೆಯಾಗಿ ಬರುತ್ತದೆ. ಪೆಡಲಿನ ಟ್ರಾನ್ಸಿಸ್ಟರ್ ಅದನ್ನು ಹತ್ತಾರು, ನೂರಾರು ಪಟ್ಟು ಎತ್ತರಿಸುತ್ತದೆ. ಆದರೆ ಎಷ್ಟು ಎತ್ತರಿಸಿದರೂ ಸೆಲ್ಲಿನ ಒಂಬತ್ತು ವೋಲ್ಟಿಗಿಂತ ಮೇಲೆ ಹೋಗಲು ಜಾಗವಿಲ್ಲ. ಅಲೆಯ ತಲೆ ಅಲ್ಲೇ ಸವರಿಹೋಗುತ್ತದೆ. ಹೀಗೆ ತಲೆ ಚಪ್ಪಟೆಯಾದ ಅಲೆಯ ಸದ್ದೇ ಫಜ್. ಸೇತುವೆಯ ಎತ್ತರ ಸೆಲ್ಲಿನ ವೋಲ್ಟು. ಈ ಸೇತುವೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಕೆಟ್ಟ ಮಿಷನ್ನಿನ ಕೂಸು

ಇಷ್ಟಕ್ಕೂ ಈ ಸದ್ದನ್ನು ಯಾರೂ ಕೂತು ಕಂಡುಹಿಡಿದದ್ದಲ್ಲ. ಅಮೆರಿಕದ ನ್ಯಾಶ್‌ವಿಲ್ ಹಳ್ಳಿ ಹಾಡುಗಳಿಗೆ ಹೆಸರಾದ ಊರು. 1960ರಲ್ಲಿ ಅಲ್ಲಿನ ಒಂದು ಸ್ಟುಡಿಯೋದಲ್ಲಿ ಗಾಯಕ ಮಾರ್ಟಿ ರಾಬಿನ್ಸ್ ಅವರ 'ಡೋಂಟ್ ವರಿ' ಹಾಡಿನ ರೆಕಾರ್ಡಿಂಗ್ ನಡೆದಿತ್ತು. ಗ್ರೇಡಿ ಮಾರ್ಟಿನ್ ಆರು ತಂತಿಯ ಬೇಸ್ ಗಿಟಾರ್ ನುಡಿಸುತ್ತಿದ್ದರು. ಅವರ ವಾದ್ಯ ಹಾಯ್ದುಹೋಗುತ್ತಿದ್ದ ಮಿಕ್ಸರಿನ ಒಂದು ಚಾನೆಲ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಕೆಟ್ಟಿತ್ತು. ಹಾಡಿನ ನಡುವೆ ಬೇಸ್ ಬಂದಾಗ ನಾದದ ಬದಲು ದುಂಬಿ ಮೊರೆದಂಥ ಗರಗರ.

ನಮ್ಮಲ್ಲಾದರೆ "ಮತ್ತೊಂದು ಟೇಕ್ ಹೋಗೋಣ" ಅಂತ ಹೊಸದಾಗಿ ಶುರು ಮಾಡುತ್ತಿದ್ದರು. ಅವರು ಅದನ್ನು ಹಾಗೆಯೇ ಉಳಿಸಿಕೊಂಡರು. 1961ರಲ್ಲಿ ರೆಕಾರ್ಡ್ ಹೊರಬಂತು. ಹಾಡು ಅಲ್ಲಿನ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಏರಿತು. "ಆ ಸದ್ದು ಯಾವುದು? ನಮಗೂ ಬೇಕು" ಎಂದು ಬೇರೆಯವರೂ ಕೇಳತೊಡಗಿದರು.

ಕೊಡೋಣ ಅಂದರೆ ಕೆಟ್ಟ ಚಾನೆಲ್ಲು ಅಷ್ಟರಲ್ಲಿ ಪೂರ್ತಿಯಾಗಿ ಸತ್ತುಹೋಗಿತ್ತು! ಕೆಟ್ಟದ್ದನ್ನು ರಿಪೇರಿ ಮಾಡುವುದು ಎಲ್ಲರಿಗೂ ಗೊತ್ತು. ಕೆಟ್ಟ ಹಾಗೇ ಕೆಡಿಸಿಕೊಡುವುದು ಹೇಗೆ? ಆ ರೆಕಾರ್ಡಿಂಗಿನ ಎಂಜಿನಿಯರ್ ಗ್ಲೆನ್ ಸ್ನಾಡಿ ಈ ಪ್ರಶ್ನೆಯ ಹಿಂದೆ ಬಿದ್ದರು. ರೆವಿಸ್ ಹಾಬ್ಸ್ ಎಂಬ ಇನ್ನೊಬ್ಬ ಎಂಜಿನಿಯರ್ ಜತೆ ಸೇರಿ, ಟ್ರಾನ್ಸಿಸ್ಟರ್ ಬಳಸಿ ಅದೇ ಗರಗರ ಹುಟ್ಟಿಸುವ ಪುಟ್ಟ ಸರ್ಕ್ಯೂಟ್ ಮಾಡಿದರು. ಗಿಬ್ಸನ್ ಕಂಪನಿ ಅದನ್ನು ಕೊಂಡು 1962ರಲ್ಲಿ 'ಮೇಸ್ಟ್ರೋ ಫಜ್ ಟೋನ್' ಹೆಸರಿನಲ್ಲಿ ಮಾರಾಟಕ್ಕೆ ಬಿಟ್ಟಿತು. ಒಳಗೆ ಮೂರು ಜರ್ಮೇನಿಯಂ ಟ್ರಾನ್ಸಿಸ್ಟರ್, ಓಡಿಸಲು ಒಂದೂವರೆ ವೋಲ್ಟಿನ ಎರಡು ಸೆಲ್ಲು. ಗೋಡೆಯ ಕರೆಂಟಿನ ಹಂಗೇ ಇಲ್ಲ. ಸ್ನಾಡಿ ತೀರಿಕೊಂಡದ್ದು 2018ರಲ್ಲಿ. ತಮ್ಮ ಸ್ಟುಡಿಯೋದ ಒಂದು ರಿಪೇರಿ ಕೆಲಸ ಇಡೀ ಲೋಕದ ಹಾಡಿನ ದನಿಯನ್ನೇ ಬದಲಿಸಿದ್ದನ್ನು ಕಣ್ಣಾರೆ ಕಂಡು ಹೋದರು.

ಧೂಳು ತಿಂದ ಸ್ಟಾಕು

ಅಂಗಡಿಯವರು ಗಮನಿಸಬೇಕಾದ ಭಾಗ ಇಲ್ಲಿದೆ. ಮೇಸ್ಟ್ರೋ ಬಂದ ಹೊಸದರಲ್ಲಿ ಕಂಪನಿಯವರು ಭಾರಿ ಪ್ರಚಾರ ಮಾಡಿದರು. ಗಿಟಾರಿನಿಂದಲೇ ಸ್ಯಾಕ್ಸೋಫೋನ್, ಟ್ರಂಬೋನ್, ಟ್ಯೂಬಾದ ಸದ್ದು ತೆಗೆಯಬಹುದು ಎಂದು ಸಾರಿದರು. ಅಂಗಡಿಗಳು ನಂಬಿ ಮಾಲು ತುಂಬಿಕೊಂಡವು. ಗಿರಾಕಿ ಬರಲಿಲ್ಲ. ಸ್ಯಾಕ್ಸೋಫೋನ್ ಬೇಕಾದವನು ಸ್ಯಾಕ್ಸೋಫೋನ್ ಊದುವವನನ್ನೇ ಕರೆಸುತ್ತಾನೆ, ಡಬ್ಬಿ ಯಾಕೆ ಕೊಳ್ಳುತ್ತಾನೆ? ಪೆಡಲುಗಳು ಕಪಾಟಿನಲ್ಲಿ ಧೂಳು ತಿಂದವು.

ಆಮೇಲೆ ಬಂತು 1965. ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ತಂಡ ಅಮೆರಿಕದಲ್ಲಿ 'ಸ್ಯಾಟಿಸ್‌ಫ್ಯಾಕ್ಷನ್' ಹಾಡು ರೆಕಾರ್ಡ್ ಮಾಡಿತು. ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಅವರಿಗೆ ಆ ಹಾಡಿನ ಮುಖ್ಯ ಸಾಲನ್ನು ಕಹಳೆ ತಂಡದಿಂದ ನುಡಿಸಬೇಕೆಂದು ಮನಸ್ಸು. ಸದ್ಯಕ್ಕೆ ಗುರುತಿಗಿರಲಿ ಅಂತ ಮೇಸ್ಟ್ರೋ ಪೆಡಲ್ ಒತ್ತಿ ಗಿಟಾರಿನಲ್ಲೇ ಆ ಸಾಲು ನುಡಿಸಿಟ್ಟರು. ಮನೆ ಕಟ್ಟುವ ಮುಂಚೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದ ಹಾಗೆ. ಆದರೆ ಆ ಗೆರೆಯೇ ಮನೆಯಾಯಿತು. ಕಹಳೆ ಸೇರಿಸದೆ, ಇದ್ದದ್ದು ಇದ್ದ ಹಾಗೇ ಹಾಡು ಹೊರಬಂತು. ಅವರಿಗೇ ಇಷ್ಟವಿರಲಿಲ್ಲ. ಜನ ಮಾತ್ರ ಹುಚ್ಚೆದ್ದರು, ಹಾಡು ಪಟ್ಟಿಯ ತುದಿಗೆ ಹೋಯಿತು. ಮೂರು ವರ್ಷ ಧೂಳು ತಿಂದಿದ್ದ ಮೇಸ್ಟ್ರೋ ಸ್ಟಾಕು ಆ ವರ್ಷ ಮುಗಿಯುವುದರೊಳಗೆ ಖಾಲಿ!

ಮಾಲು ಅದೇ, ಬೆಲೆ ಅದೇ. ಮುಂಚೆ "ಇದು ಬೇರೆಯದರ ಹಾಗಿದೆ" ಅಂತ ಮಾರಲು ಹೋಗಿ ಸೋತರು. "ಇದು ಇದರ ಹಾಗೇ ಇದೆ" ಅಂತ ಒಂದು ಹಾಡು ತೋರಿಸಿಕೊಟ್ಟಾಗ ಗೆದ್ದರು. ವ್ಯಾಪಾರಸ್ಥರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಲಂಡನ್ನಿನ ದುಂಡು ಡಬ್ಬಿ

ಅಷ್ಟರಲ್ಲಿ ಲಂಡನ್ನಿನವರೂ ಸುಮ್ಮನೆ ಕೂತಿರಲಿಲ್ಲ. 1965ರಲ್ಲಿ ಗ್ಯಾರಿ ಹರ್ಸ್ಟ್ ಎಂಬ ತಂತ್ರಜ್ಞ 'ಟೋನ್ ಬೆಂಡರ್' ಮಾಡಿದರು. 1966ರಲ್ಲಿ ಐವರ್ ಆರ್ಬಿಟರ್ ಅವರ ಕಂಪನಿ 'ಫಜ್ ಫೇಸ್' ಹೊರತಂದಿತು. ಇದರ ಆಕಾರ ಮೈಕ್ ಸ್ಟ್ಯಾಂಡಿನ ಬುಡದ ದುಂಡನೆಯ ಕಬ್ಬಿಣದಿಂದ ಬಂದದ್ದು. ಎರಡು ಗುಂಡಿ ಎರಡು ಕಣ್ಣಿನ ಹಾಗೆ, ಕೆಳಗೆ ನಗುವ ಬಾಯಿ. ನೋಡಿದರೆ ಮಕ್ಕಳ ಆಟದ ಸಾಮಾನು. ಆದರೆ ಜಿಮಿ ಹೆಂಡ್ರಿಕ್ಸ್ ಕಾಲಡಿ ಇಟ್ಟುಕೊಂಡ ಮೇಲೆ ಗಿಟಾರ್ ಹಿಡಿದ ಹುಡುಗರಿಗೆಲ್ಲ ಅದೇ ಬೇಕಾಯಿತು. 1969ರಲ್ಲಿ ನ್ಯೂಯಾರ್ಕಿನಲ್ಲಿ ಮೈಕ್ ಮ್ಯಾಥ್ಯೂಸ್ ಅವರ ಎಲೆಕ್ಟ್ರೋ ಹಾರ್ಮೋನಿಕ್ಸ್ ಕಂಪನಿ 'ಬಿಗ್ ಮಫ್' ತಂದಿತು. ಈ ಹಳೇ ಹೆಸರುಗಳಲ್ಲಿ ಪೆಡಲುಗಳು ಇಂದಿಗೂ ತಯಾರಾಗುತ್ತಿವೆ.

ಫಜ್ ಫೇಸ್ ಒಳಗೆ ಏನಿದೆ ಅಂತ ಬಿಚ್ಚಿ ನೋಡಿದರೆ ನಗು ಬರುತ್ತದೆ. ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕಂಡೆನ್ಸರ್, ಎರಡು ವಾಲ್ಯೂಮ್ ಗುಂಡಿ. ಒಟ್ಟು ಹನ್ನೊಂದು ಬಿಡಿಭಾಗ. ಹಳೇ ಟ್ರಾನ್ಸಿಸ್ಟರ್ ರೇಡಿಯೋದಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಇರುತ್ತಿದ್ದವು. ಉಳಿದದ್ದು ಒಂದು ಸ್ವಿಚ್ಚು, ವಯರು ಚುಚ್ಚುವ ಎರಡು ಜಾಕು ಮತ್ತು ಒಂಬತ್ತು ವೋಲ್ಟಿನ ಸೆಲ್ಲು.

ಸೆಲ್ಲೇ ಯಾಕೆ ಸ್ವಾಮಿ?

ಕರೆಂಟು ಇರುವಾಗ ಸೆಲ್ಲಿನ ಖರ್ಚು ಯಾಕೆ ಎಂದು ಯಾರಾದರೂ ಕೇಳಬಹುದು. ಉತ್ತರ ಎರಡಿದೆ.

ಒಂದು, ಗುಂಯ್‌ಗುಟ್ಟುವಿಕೆ. ಗೋಡೆಯ ಕರೆಂಟು ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ಓಲಾಡುತ್ತದೆ. ಅಡಾಪ್ಟರ್ ಅದನ್ನು ನೇರ ಮಾಡಿಕೊಡುತ್ತದೆ ನಿಜ, ಆದರೆ ಅಗ್ಗದ ಅಡಾಪ್ಟರ್ ಪೂರ್ತಿ ನೇರ ಮಾಡುವುದಿಲ್ಲ. ಬಲ್ಬಿಗೆ ಅದು ಗೊತ್ತಾಗುವುದಿಲ್ಲ. ಫಜ್ ಪೆಡಲಿಗೆ ಗೊತ್ತಾಗುತ್ತದೆ, ಯಾಕೆಂದರೆ ಸಿಕ್ಕಿದ್ದನ್ನೆಲ್ಲ ಹಿಗ್ಗಿಸುವುದೇ ಅದರ ಕಸುಬು. ಗಿಟಾರಿನ ಜತೆ ಗುಂಯ್‌ ಸದ್ದನ್ನೂ ಹಿಗ್ಗಿಸಿ ಪೆಂಡಾಲಿಗೆಲ್ಲ ಹಂಚುತ್ತದೆ. ಜನರೇಟರಿನ ಮೇಲೆ ವೇದಿಕೆ ನಡೆಯುತ್ತಿದ್ದರಂತೂ ಕೇಳಲೇಬೇಡಿ. ಸೆಲ್ಲಿನಲ್ಲಿ ಈ ಓಲಾಟವೇ ಇಲ್ಲ.

ಎರಡು, ಇದರ ಹೊಟ್ಟೆ ಬಲು ಸಣ್ಣದು. ಫಜ್ ಫೇಸ್ ತರಹದ ಸರ್ಕ್ಯೂಟು ಎಳೆಯುವುದು ಸುಮಾರು ಒಂದು ಮಿಲಿ ಆಂಪಿಯರ್. ಒಳ್ಳೆಯ ಆಲ್ಕಲೈನ್ ಸೆಲ್ಲಿನಲ್ಲಿ ಸುಮಾರು 500 ಮಿಲಿ ಆಂಪಿಯರ್ ಗಂಟೆಯಷ್ಟು ಸರಕು ಇರುತ್ತದೆ. ಬಸ್ಸಿನಲ್ಲಿ ಕೂತೇ ಲೆಕ್ಕ ಹಾಕಿ: ದಿನಕ್ಕೆ ಎರಡು ಗಂಟೆ ನುಡಿಸಿದರೆ ಎಂಟು ತಿಂಗಳು! ಅದೇ ಡಿಜಿಟಲ್ ಡಿಲೇ ತರಹದ ಪೆಡಲು 50 ಮಿಲಿ ಆಂಪಿಯರ್ ಎಳೆದರೆ ಹತ್ತು ಗಂಟೆಗೆ ಸೆಲ್ಲಿನ ಕಥೆ ಮುಗಿಯಿತು. ಹಾಗಾಗಿ ಅಂಥದ್ದಕ್ಕೆ ಅಡಾಪ್ಟರೇ ಸರಿ. ಫಜ್ ಪೆಡಲಿಗೆ ಸೆಲ್ಲು ದುಬಾರಿಯಲ್ಲ.

ಇಲ್ಲೊಂದು ತಮಾಷೆಯಿದೆ. ಹಳೇ ಪೆಡಲುಗಳಲ್ಲಿ ಆನ್ ಆಗಿದೆಯೋ ಇಲ್ಲವೋ ತೋರಿಸುವ ದೀಪ ಇರಲಿಲ್ಲ. ಈಗಿನವುಗಳಲ್ಲಿ ಎಲ್‌ಇಡಿ ಇರುತ್ತದೆ. ಆ ಕೆಂಪು ಚುಕ್ಕೆ ಎರಡರಿಂದ ಐದು ಮಿಲಿ ಆಂಪಿಯರ್ ತಿನ್ನುವುದುಂಟು. ಅಂದರೆ ಗೇಟು ಕಾಯುವವನ ಸಂಬಳ ಯಜಮಾನರ ಊಟದ ಖರ್ಚಿಗಿಂತ ಹೆಚ್ಚು!

ಪಿನ್ನು ಕೀಳದವನ ಪಾಡು

ಇಷ್ಟು ಕಡಿಮೆ ತಿನ್ನುವ ಪೆಡಲಿನ ಸೆಲ್ಲು ಸರಿಯಾಗಿ ಕಾರ್ಯಕ್ರಮದ ದಿನವೇ ಯಾಕೆ ಸತ್ತಿರುತ್ತದೆ? ಕಾರಣ ಅಂಗಡಿಯಲ್ಲಿಲ್ಲ, ಗಿಟಾರಿನ ವಯರಿನಲ್ಲಿದೆ.

ಈ ಪೆಡಲುಗಳಲ್ಲಿ ಸಾಮಾನ್ಯವಾಗಿ ಕರೆಂಟಿಗೆಂದು ಬೇರೆ ಆನ್-ಆಫ್ ಸ್ವಿಚ್ಚು ಇರುವುದಿಲ್ಲ. ಗಿಟಾರಿನ ವಯರು ಚುಚ್ಚುವ ಜಾಕೇ ಸ್ವಿಚ್ಚು. ಪಿನ್ನು ಒಳಗೆ ಹೋದಾಗ ಜಾಕಿನ ಎರಡು ತಗಡು ಕೂಡಿಕೊಂಡು ಸೆಲ್ಲಿನ ದಾರಿ ತೆರೆಯುತ್ತದೆ. ಪಿನ್ನು ಕಿತ್ತರೆ ಮುಚ್ಚುತ್ತದೆ. ಕಾಲಲ್ಲಿ ಒತ್ತುವ ಸ್ವಿಚ್ಚು ಗಿಟಾರಿನ ಸದ್ದು ಯಾವ ದಾರಿಯಲ್ಲಿ ಹೋಗಬೇಕು ಅಂತ ಹೇಳುತ್ತದೆಯೇ ಹೊರತು ಸೆಲ್ಲನ್ನು ಆಫ್ ಮಾಡುವುದಿಲ್ಲ. ದೀಪ ಆರಿದರೂ ಒಳಗಿನ ಸರ್ಕ್ಯೂಟು ಸೆಲ್ಲು ತಿನ್ನುತ್ತಲೇ ಇರುತ್ತದೆ.

ಒಂದು ರಾತ್ರಿ ಮರೆತರೆ ಪ್ರಪಂಚ ಮುಳುಗುವುದಿಲ್ಲ. ಹತ್ತು ಗಂಟೆಗೆ ಹತ್ತು ಮಿಲಿ ಆಂಪಿಯರ್ ಗಂಟೆ, ಅಂದರೆ ನೂರಕ್ಕೆ ಎರಡು ಪಾಲು ಹೋಯಿತು, ಅಷ್ಟೆ. ಆದರೆ ಗಣಪತಿ ಬಿಟ್ಟ ದಿನ ಪಿನ್ನು ಸಮೇತ ಪೆಟ್ಟಿಗೆಗೆ ಹಾಕಿ, ರಾಜ್ಯೋತ್ಸವಕ್ಕೆ ತೆಗೆದರೆ? ದಿನಕ್ಕೆ ಇಪ್ಪತ್ತನಾಲ್ಕು ಗಂಟೆಯ ಹಾಗೆ, ಹೊಸ ಸೆಲ್ಲಾದರೂ ಇಪ್ಪತ್ತೊಂದು ದಿನಕ್ಕೆ ಬರಿದು. ಆಮೇಲೆ "ಹೋದ ತಿಂಗಳು ತಾನೆ ಹಾಕಿದ್ದೆ, ಕಳಪೆ ಮಾಲು" ಎಂದು ಅಂಗಡಿಗೆ ಬಂದು ಜಗಳ. ತಿಂಗಳುಗಟ್ಟಲೆ ನುಡಿಸುವುದಿಲ್ಲ ಅಂತಾದರೆ ಪಿನ್ನಿನ ಜತೆ ಸೆಲ್ಲನ್ನೂ ತೆಗೆದಿಡಬೇಕು. ಸತ್ತ ಸೆಲ್ಲು ಸೋರಿ ಕ್ಲಿಪ್ಪನ್ನು ತಿಂದುಹಾಕುತ್ತದೆ.

ಸಾಯುವ ಸೆಲ್ಲಿನ ರುಚಿ

ಗಿಟಾರಿನವರ ಜತೆ ಮಾತಿಗೆ ಕೂತರೆ ಇನ್ನೊಂದು ವಿಚಿತ್ರ ಕೇಳಿಬರುತ್ತದೆ. ಹೊಸ ಸೆಲ್ಲಿಗಿಂತ ಅರ್ಧ ಸತ್ತ ಸೆಲ್ಲಿನ ದನಿಯೇ ಚೆನ್ನ, ಆಲ್ಕಲೈನ್‌ಗಿಂತ ಹಳೇ ಕಾಲದ ಕಾರ್ಬನ್-ಜಿಂಕ್ ಸೆಲ್ಲೇ ಇಂಪು ಎನ್ನುವವರಿದ್ದಾರೆ. ಅಮೆರಿಕದ ಎರಿಕ್ ಜಾನ್ಸನ್ ಅವರ ಕಿವಿಗೆ ಸೆಲ್ಲುಗಳ ನಡುವಿನ ವ್ಯತ್ಯಾಸ ಗೊತ್ತಾಗುತ್ತದೆ ಎಂಬ ಮಾತು ಗಿಟಾರ್ ಲೋಕದಲ್ಲಿ ದಂತಕಥೆಯೇ ಆಗಿದೆ.

ಇದು ನಿಜವಾ, ಭ್ರಮೆಯಾ? ಎರಡೂ ಅನ್ನಬೇಕು.

ಮೊದಲು ನಿಜದ ಭಾಗ. ಹುಲ್ಲಿನ ಲಾರಿಯ ಸೇತುವೆ ನೆನಪಿದೆಯಲ್ಲ? ಸೆಲ್ಲು ಸವೆದು ಒಂಬತ್ತು ವೋಲ್ಟು ಏಳಕ್ಕೆ ಇಳಿದರೆ ಸೇತುವೆ ತಗ್ಗಾಯಿತು. ಅಲೆಯ ತಲೆ ಇನ್ನೂ ಕೆಳಗೇ ಸವರಿಹೋಗುತ್ತದೆ. ಅದರ ಜತೆಗೆ ಟ್ರಾನ್ಸಿಸ್ಟರುಗಳು ಕೂತಿರಬೇಕಾದ ಸಮತೋಲವೂ ಅಲ್ಲಾಡುತ್ತದೆ. ನಾದ ಮೆತ್ತಗಾಗುತ್ತದೆ, ಎಳೆತ ಕಡಿಮೆಯಾಗುತ್ತದೆ, ಇನ್ನೂ ಇಳಿದರೆ ಮಾತಿನ ನಡುವೆ ಕೆಮ್ಮಿದ ಹಾಗೆ ಕಡಿದು ಕಡಿದು ಬರುತ್ತದೆ. ಕೆಲವು ಹಾಡಿಗೆ ಆ ಕೆಮ್ಮೇ ಚಂದ. ಬೇಕೆಂತಲೇ ವೋಲ್ಟು ಇಳಿಸಿಕೊಡುವ ಗುಂಡಿ ಇರುವ ದುಬಾರಿ ಪವರ್ ಸಪ್ಲೈಗಳೂ ಈಗ ಬಂದಿವೆ. ಸತ್ತ ಸೆಲ್ಲನ್ನು ಕರೆಂಟಿನಲ್ಲಿ ನಕಲು ಮಾಡಿ ಮಾರುವ ಕಾಲ!

ಈಗ ಇನ್ನೊಂದು ಭಾಗ. ಕಾರ್ಬನ್-ಜಿಂಕ್ ಸೆಲ್ಲಿನ ಒಳಗಿನ ತಡೆ ಹೊಸದಿರುವಾಗಲೇ ಹತ್ತಾರು ಓಮ್. ಆಲ್ಕಲೈನ್‌ದು ಒಂದೆರಡು ಓಮ್. ಈ ತಡೆಯಿಂದಲೇ ಬೇರೆ ದನಿ ಎನ್ನುತ್ತಾರೆ. ಆದರೆ ಒಂದೇ ಒಂದು ಮಿಲಿ ಆಂಪಿಯರ್ ಹರಿಯುವಾಗ 35 ಓಮ್ ತಡೆ ಇದ್ದರೂ ಕಳೆದುಹೋಗುವುದು 0.035 ವೋಲ್ಟು. ಮಿನರ್ವ ಮಿಲ್ಲಿನ ಬಟ್ಟೆಯಲ್ಲಿ ಒಂದು ನೂಲು ಎಳೆದ ಹಾಗೆ. ಹೊಸ ಸೆಲ್ಲುಗಳ ನಡುವೆ ಇಷ್ಟು ವ್ಯತ್ಯಾಸ ಗಣಪತಿ ಪೆಂಡಾಲಿನಲ್ಲಿ ಕೇಳಿಸುವುದು ಕಷ್ಟ. ಕೇಳಿಸುವುದು ಸವೆದ ಸೆಲ್ಲಿನ ಇಳಿದ ವೋಲ್ಟು. ಕಾರ್ಬನ್-ಜಿಂಕ್ ಬೇಗ ಸವೆಯುವುದರಿಂದ ಆ ಹದಕ್ಕೆ ಬೇಗ ಬರುತ್ತದೆ, ಅಷ್ಟೆ.

ಆ ಹದವೂ ನಿಲ್ಲುವಂಥದ್ದಲ್ಲ. ಮಾವಿನ ಹಣ್ಣು ಹದಕ್ಕೆ ಬಂದ ಮಾರನೇ ದಿನವೇ ಕೊಳೆಯುವ ಹಾಗೆ. ಇವತ್ತು ಇಂಪಾದ ಸೆಲ್ಲು ನಾಳೆ ವೇದಿಕೆ ಮೇಲೆ ಕೈಕೊಡಬಹುದು. ಮನೆಯಲ್ಲಿ ಹಳೇ ಸೆಲ್ಲಿನ ಆಟ ಆಡಲಿ, ಕಾರ್ಯಕ್ರಮಕ್ಕೆ ಹೊರಡುವಾಗ ಜೇಬಿನಲ್ಲಿ ಹೊಸದೊಂದು ಇರಲಿ.

ಪ್ಲಸ್-ಮೈನಸ್ ಜಗಳ

ಸೆಲ್ಲು ಸತ್ತರೆ ನಷ್ಟ ಒಂದು ಸೆಲ್ಲಿನದು. ಪೆಡಲನ್ನೇ ಸುಡುವುದು ಕಂಡವರ ಅಡಾಪ್ಟರ್. "ಪಿನ್ನು ಹಿಡಿಯುತ್ತೆ, ಹಾಗಾದರೆ ಸರಿ" ಎಂಬ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ. ವೈಫೈ ಡಬ್ಬಿಗೆ, ಕೀಬೋರ್ಡಿಗೆ, ಟೇಬಲ್ ದೀಪಕ್ಕೆ ಬರುವ ಅಡಾಪ್ಟರುಗಳ ಪಿನ್ನು ನೋಡಲು ಒಂದೇ ತರಹ ಇರಬಹುದು. ಒಳಗೆ ಒಂದು 12 ವೋಲ್ಟಿನದು, ಒಂದು 9ರದು. ಹೆಚ್ಚಿನ ಸಾಮಾನುಗಳ ಪಿನ್ನಿನಲ್ಲಿ ನಡುವಿನ ತೂತು ಪ್ಲಸ್, ಹೊರಗಿನ ಬಳೆ ಮೈನಸ್. ಗಿಟಾರ್ ಪೆಡಲುಗಳಲ್ಲಿ ರೂಢಿಗೆ ಬಂದಿರುವುದು ಇದರ ಉಲ್ಟಾ: ನಡುವೆ ಮೈನಸ್, ಹೊರಗೆ ಪ್ಲಸ್. ತಪ್ಪಾದದ್ದು ಚುಚ್ಚಿದರೆ, ಒಳಗೆ ಕಾವಲು ಡಯೋಡ್ ಇಲ್ಲದ ಪೆಡಲ್ಲು ಕ್ಷಣದಲ್ಲಿ ಹೋಗಬಹುದು. ಡಬ್ಬಿಯ ಮೇಲೂ ಅಡಾಪ್ಟರಿನ ಮೇಲೂ ಪ್ಲಸ್-ಮೈನಸ್ ತೋರಿಸುವ ಸಣ್ಣ ಚಿತ್ರ ಅಚ್ಚಾಗಿರುತ್ತದೆ. ಎರಡೂ ಒಂದೇ ಇರಬೇಕು, ವೋಲ್ಟೂ ಒಂದೇ ಇರಬೇಕು. ಕನ್ನಡಕ ಹಾಕಿಕೊಂಡಾದರೂ ಓದಿ.

ಹಳೇ ಮಾದರಿಯ ಜರ್ಮೇನಿಯಂ ಫಜ್ ಪೆಡಲಿನದು ಇನ್ನೂ ಒಂದು ಹೆಜ್ಜೆ ಮುಂದೆ. ಬೇರೆ ಪೆಡಲುಗಳಲ್ಲಿ ಸೆಲ್ಲಿನ ಮೈನಸ್ ಡಬ್ಬಿಯ ಮೈಗೆ ಸೇರಿರುತ್ತದೆ. ಇದರಲ್ಲಿ ಪ್ಲಸ್ ಸೇರಿರುತ್ತದೆ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ಅನ್ನು ಬಾಡಿಗೆ ಕೊಟ್ಟಿರುತ್ತಿದ್ದರಲ್ಲ, ಹಾಗೆ. ಒಂದೇ ಅಡಾಪ್ಟರಿನಿಂದ ಕವಲು ವಯರು ತೆಗೆದು ಎರಡೂ ಜಾತಿಯ ಪೆಡಲಿಗೆ ಕೊಟ್ಟರೆ, ಗಿಟಾರಿನ ವಯರಿನ ಮೂಲಕ ಎರಡು ಡಬ್ಬಿಗಳ ಮೈ ಕೂಡಿಕೊಂಡು ಪ್ಲಸ್-ಮೈನಸ್ ಮುಖಾಮುಖಿ. ನೇರ ಶಾರ್ಟ್! ಒಂದೋ ಪ್ರತಿಯೊಂದು ಪೆಡಲಿಗೂ ಬೇರೆ ಬೇರೆ ದಾರಿ ಇರುವ ಸಪ್ಲೈ ಬೇಕು, ಇಲ್ಲವೇ ಆ ಒಂದು ಪೆಡಲಿಗೆ ಸೆಲ್ಲು ಹಾಕಬೇಕು. ಒಂದು ಸೆಲ್ಲಿನ ದುಡ್ಡಿನಲ್ಲಿ ಮುಗಿಯುವ ಜಗಳ ಇದು.

ಜಾಲಹಳ್ಳಿಯ ನಂಟು

ಅಮೆರಿಕದಲ್ಲಿ ಮೇಸ್ಟ್ರೋ ಪೆಡಲ್ ಹೊರಬಂದ 1962ರಲ್ಲೇ ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಜರ್ಮೇನಿಯಂ ಸೆಮಿಕಂಡಕ್ಟರ್ ತಯಾರಿಕೆ ಶುರು ಮಾಡಿತು. 1954ರಲ್ಲಿ ಸ್ಥಾಪನೆಯಾದ ಸರಕಾರಿ ಸಂಸ್ಥೆ ಅದು. ಗಿಟಾರಿಗೆಂದು ಅಲ್ಲ, ರೇಡಿಯೋ ಮುಂತಾದ ಸಾಮಾನುಗಳ ಕಾಲ ಅದು. ಆದರೆ ಜಾತಿ ಒಂದೇ. ನಮ್ಮ ಊರುಗಳ ಹಳೇ ರೇಡಿಯೋ ರಿಪೇರಿಯವರಿಗೆ 'ಎಸಿ 128' ಎಂಬ ನಂಬರು ಬಾಯಿಪಾಠ. ಲಂಡನ್ನಿನ ಫಜ್ ಫೇಸ್‌ಗಳಲ್ಲಿ ಕೂತಿದ್ದ ಟ್ರಾನ್ಸಿಸ್ಟರುಗಳಲ್ಲಿ ಅದೂ ಒಂದು.

ಜರ್ಮೇನಿಯಂ ಕಾಲ ಬೇಗ ಮುಗಿಯಿತು, ಸಿಲಿಕಾನ್ ಬಂತು. ಕಾರಣ ಬಿಸಿಲು. ಜರ್ಮೇನಿಯಂ ಟ್ರಾನ್ಸಿಸ್ಟರಿನಲ್ಲಿ ಸುಮ್ಮನೆ ಇದ್ದಾಗಲೂ ಸ್ವಲ್ಪ ಕರೆಂಟು ಸೋರುತ್ತದೆ. ಸೆಕೆ ಹತ್ತು ಡಿಗ್ರಿ ಏರಿದರೆ ಸೋರಿಕೆ ಸುಮಾರು ಇಮ್ಮಡಿ. ಲಂಡನ್ನಿನ ಚಳಿಯಲ್ಲಿ ಹಾಡಿದ ಪೆಡಲ್ಲು ರಾಯಚೂರಿನ ಮೇ ತಿಂಗಳ ವೇದಿಕೆಯಲ್ಲಿ ಗಂಟಲು ಕಟ್ಟಿಕೊಂಡರೆ ಅದರ ತಪ್ಪಲ್ಲ. ಅಂಥ ಪೆಡಲ್ಲನ್ನು ಬಿಸಿಲಿಗೆ, ಲೈಟಿನ ಬುಡಕ್ಕೆ ಇಡಬಾರದು. ನೆರಳಲ್ಲಿಟ್ಟರೆ ಮತ್ತೆ ದನಿ ಬರುತ್ತದೆ. ಇನ್ನೂ ಒಂದು ತೊಂದರೆ, ಒಂದೇ ನಂಬರಿನ ಎರಡು ಜರ್ಮೇನಿಯಂ ಟ್ರಾನ್ಸಿಸ್ಟರು ಒಂದೇ ತರಹ ಇರುತ್ತಿರಲಿಲ್ಲ. ಹಾಗಾಗಿ ಒಂದು ಫಜ್ ಫೇಸ್ ಅದ್ಭುತ, ಪಕ್ಕದ್ದು ಸಪ್ಪೆ.

ಈಗ ಇವಕ್ಕೆ ದೇಶವಿದೇಶಗಳಲ್ಲಿ ಬೇಡಿಕೆ. ಪೆಡಲ್ ಕಟ್ಟುವವರು ಹಳೇ ದಾಸ್ತಾನು ಹುಡುಕುತ್ತಾರೆ. ಅಟ್ಟದ ಮೇಲೆ ಸತ್ತ ಟ್ರಾನ್ಸಿಸ್ಟರ್ ರೇಡಿಯೋ ಇದ್ದವರು ಗುಜರಿಗೆ ಹಾಕುವ ಮುಂಚೆ ಒಮ್ಮೆ ಬೆನ್ನು ಬಿಚ್ಚಿ ನೋಡಲಿ. ಹಾಗಂತ ಕಿತ್ತದ್ದೆಲ್ಲ ಚಿನ್ನವಲ್ಲ. ಸೋರಿಕೆ ಎಷ್ಟು, ಹಿಗ್ಗಿಸುವ ಶಕ್ತಿ ಎಷ್ಟು ಅಂತ ಅಳೆದ ಮೇಲೆಯೇ ಬೆಲೆ.

ಕೊಡುವವರಿಗೆ, ಕೊಳ್ಳುವವರಿಗೆ

ಕೊನೆಗೆ ಗಲ್ಲಾದ ಮಾತು. ಒಂಬತ್ತು ವೋಲ್ಟಿನ ಸೆಲ್ಲಿನ ಮೈಮೇಲೆ '6ಎಫ್22' ಎಂದಿದ್ದರೆ ಅದು ಕಾರ್ಬನ್-ಜಿಂಕ್. '6ಎಲ್‌ಆರ್61' ಎಂದಿದ್ದರೆ ಆಲ್ಕಲೈನ್. ಎರಡರ ಒಳಗೂ ಒಂದೂವರೆ ವೋಲ್ಟಿನ ಆರು ಪುಟ್ಟ ಸೆಲ್ಲುಗಳೇ. ಫಜ್ ಪೆಡಲಿಗೆ ಎರಡೂ ನಡೆಯುತ್ತದೆ, ಬಾಳಿಕೆ ಬೇಕಾದರೆ ಆಲ್ಕಲೈನ್. ಚಾರ್ಜ್ ಮಾಡುವ ನಿಕಲ್ ಸೆಲ್ಲುಗಳ ವೋಲ್ಟು ಸಾಮಾನ್ಯವಾಗಿ 8.4 ಅಥವಾ ಅದಕ್ಕೂ ಕಡಿಮೆ ಎಂಬುದು ಗಿರಾಕಿಗೆ ಮುಂಚೆಯೇ ಗೊತ್ತಿರಲಿ.

ನಾಲಿಗೆಗೆ ತಾಗಿಸಿ ಪರೀಕ್ಷೆ ಮಾಡುವ ಹಳೇ ಚಾಳಿ ಬಿಟ್ಟು ಮೀಟರ್ ಹಚ್ಚಿ ನೋಡಬೇಕು. ಹೊಸ ಸೆಲ್ಲು ಒಂಬತ್ತು ಅಥವಾ ಸ್ವಲ್ಪ ಮೇಲೆಯೇ ತೋರಿಸಬೇಕು. ಕಪಾಟಿನಲ್ಲಿ ವರ್ಷಗಟ್ಟಲೆ ಕೂತ ಸೆಲ್ಲು ಮೀಟರಿಗೆ ಒಂಬತ್ತು ತೋರಿಸಿ, ಕೆಲಸಕ್ಕೆ ಹಚ್ಚಿದ ಮೇಲೆ ಕುಸಿಯುವುದುಂಟು. ಆದ್ದರಿಂದ ತಾರೀಖು ನೋಡದೆ ಕೊಡಬಾರದು, ಕೊಳ್ಳಲೂಬಾರದು. ಈ ಸೆಲ್ಲಿನ ಎರಡು ತುದಿಯೂ ಒಂದೇ ಕಡೆ ಇರುವುದರಿಂದ ಚಿಲ್ಲರೆ ಕಾಸಿನ ಜತೆ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದರೆ ಶಾರ್ಟ್ ಆಗಿ ಕಾಯುತ್ತದೆ. ತಲೆಗೆ ಒಂದು ತುಂಡು ಟೇಪು ಸುತ್ತಿದರೆ ಸಾಕು.

ಸತ್ತದ್ದನ್ನು ಚರಂಡಿಗೆ, ಒಲೆಗೆ ಎಸೆಯುವಂತಿಲ್ಲ. 2022ರಲ್ಲಿ ಬಂದ ಕೇಂದ್ರ ಸರಕಾರದ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಇಂಥ ಸಣ್ಣ ಸೆಲ್ಲುಗಳನ್ನೂ ಬೇರೆಯಾಗಿಯೇ ಕೊಡಬೇಕು, ವಾಪಸು ಸಂಗ್ರಹಿಸುವ ಹೊಣೆ ತಯಾರಕರದು. ಸೆಲ್ಲಿನ ಮೇಲಿರುವ, ಅಡ್ಡಗೆರೆ ಹೊಡೆದ ಕಸದ ಡಬ್ಬಿಯ ಚಿತ್ರಕ್ಕೆ ಅರ್ಥ ಅದೇ. ಅಂಗಡಿಯ ಮೂಲೆಯಲ್ಲಿ ಒಂದು ಖಾಲಿ ಡಬ್ಬ ಇಟ್ಟು "ಸತ್ತ ಸೆಲ್ಲು ಇಲ್ಲಿ ಹಾಕಿ" ಎಂದು ಬರೆಯಲು ಖರ್ಚಿಲ್ಲ. ಹಾಕಲು ಬಂದವನು ಹೊಸದೊಂದು ಕೊಳ್ಳದೆ ಹೋಗುವುದಿಲ್ಲ ಎಂಬುದು ವ್ಯಾಪಾರದ ಲಾಭ.

ಮುಂದಿನ ಸಲ ಆ ಹುಡುಗ ಗಿಟಾರು ಬೆನ್ನಿಗೆ ಹಾಕಿಕೊಂಡು ಬಂದಾಗ ಸೆಲ್ಲಿನ ಜತೆ ಒಂದು ಮಾತು ಪುಕ್ಕಟೆ ಕೊಟ್ಟು ಕಳಿಸಿ:

"ಆಟ ಮುಗಿದ ಮೇಲೆ ಪಿನ್ನು ಕಿತ್ತಿಡಪ್ಪಾ. ಇಲ್ಲಾಂದ್ರೆ ಮುಂದಿನ ತಿಂಗಳು ಜಗಳಕ್ಕೆ ಬರ್ತೀಯ."